ಕಾಲು ನೋವೋ, ಸೊಂಟ ನೋವೋ?

ಸಂಜೆ ಹೊತ್ತು ಜಿಲ್ಲಾ ಕೇಂದ್ರದ ಯಾವುದಾದರೂ ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಸ್ವಲ್ಪ ಹೊತ್ತು ಕೂತರೆ ಸಾಕು, ಬೆನ್ನಿನ ಬಗ್ಗೆ ನಾಡಿಗಿರುವ ತಿಳಿವಳಿಕೆಯೆಲ್ಲ ಕಿವಿಗೆ ಬೀಳುತ್ತದೆ. ಎಂಆರ್‌ಐ ಫಿಲ್ಮಿನ ದೊಡ್ಡ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡವರು ಒಬ್ಬರಿಗೊಬ್ಬರು ವರದಿ ಒಪ್ಪಿಸುತ್ತಿರುತ್ತಾರೆ. ಒಬ್ಬರಿಗೆ ‘ಗ್ಯಾಪ್’ ಬಂದಿದೆ, ಇನ್ನೊಬ್ಬರಿಗೆ ಎಲ್-4 ಎಲ್-5 ನಡುವೆ ಡಿಸ್ಕ್ ಜಾರಿದೆ, ಮತ್ತೊಬ್ಬರಿಗೆ ನರ ಒತ್ತಿದೆ. ಆಪರೇಷನ್ ಮಾತು ಬಂದ ಕೂಡಲೇ ಬೆಂಚು ಎರಡು ಪಕ್ಷವಾಗುತ್ತದೆ. “ಬೆನ್ನಿಗೆ ಮಾತ್ರ ಕತ್ತರಿ ಹಾಕಿಸ್ಬೇಡಿ, ನಮ್ಮ ಭಾವ ಮಾಡಿಸ್ಕೊಂಡು ಈಗ ಕೂರೋಕೂ ಆಗಲ್ಲ” ಎನ್ನುವವರು ಒಂದು ಕಡೆ. “ನಮ್ಮ ಚಿಕ್ಕಮ್ಮ ಮಾಡಿಸ್ಕೊಂಡ ಮಾರನೇ ದಿನವೇ ಎದ್ದು ಓಡಾಡಿದ್ರು” ಎನ್ನುವವರು ಇನ್ನೊಂದು ಕಡೆ.

ಇಬ್ಬರ ಮಾತೂ ನಿಜವಿರಬಹುದು. ಭಾವನವರ ಕಾಯಿಲೆಯೂ ಚಿಕ್ಕಮ್ಮನ ಕಾಯಿಲೆಯೂ ಒಂದೇ ಆಗಿರಬೇಕಿಲ್ಲ. ಒಳಗೆ ಕರೆದ ಮೇಲೆ ಅನುಭವಸ್ಥ ಸರ್ಜನ್ ಲಕೋಟೆ ಬಿಚ್ಚುವುದಕ್ಕೂ ಮೊದಲು ಕೇಳುವುದು ಒಂದೇ ಪ್ರಶ್ನೆ: “ನೋವು ಜಾಸ್ತಿ ಇರೋದು ಕಾಲಲ್ಲೋ, ಸೊಂಟದಲ್ಲೋ?” ರೋಗಿಗೆ ಇದು ಕುಶಲೋಪರಿಯಂತೆ ಕೇಳಬಹುದು. ಆಪರೇಷನ್ನಿನಿಂದ ಫಲ ಸಿಗುತ್ತದೋ ಇಲ್ಲವೋ ಎಂಬುದರ ಬಹುಪಾಲು ಈ ಉತ್ತರದಲ್ಲೇ ಇದೆ. ಇಷ್ಟನ್ನು ಖಚಿತಪಡಿಸಿಕೊಳ್ಳಲು ವೈದ್ಯಕೀಯಕ್ಕೆ ಅರ್ಧ ಶತಮಾನ ಹಿಡಿಯಿತು.

ಹೊರಬಂದ ತಿರುಳು

ಬೆನ್ನುಮೂಳೆಯ ಎರಡು ಕಶೇರುಕಗಳ ನಡುವೆ ಕೂತಿರುವ ಡಿಸ್ಕ್‌ಗೆ ಸುತ್ತ ಗಟ್ಟಿ ನಾರಿನ ಬಳೆ, ಒಳಗೆ ಮೆತ್ತನೆಯ ತಿರುಳು. ವಯಸ್ಸಾದಂತೆ ಬಳೆ ಬಿರುಕು ಬಿಡುತ್ತದೆ. ಹೋಳಿಗೆ ಲಟ್ಟಿಸುವಾಗ ಅಂಚು ಸೀಳಿ ಹೂರಣ ಹೊರಬರುವ ಹಾಗೆ ತಿರುಳು ಹೊರಚಾಚುತ್ತದೆ. ಅದು ಪಕ್ಕದಲ್ಲೇ ಇಳಿಯುವ ನರದ ಬುಡಕ್ಕೆ ಒತ್ತಿದರೆ ನೋವು ನರದ ದಾರಿ ಹಿಡಿದು ಕೆಳಗಿಳಿಯುತ್ತದೆ. ಪೃಷ್ಠ, ತೊಡೆಯ ಹಿಂಭಾಗ, ಮೀನಖಂಡ ದಾಟಿ ಪಾದದವರೆಗೆ. ಆಯುರ್ವೇದದಲ್ಲಿ ಗೃಧ್ರಸಿ, ಆಸ್ಪತ್ರೆಯಲ್ಲಿ ಸಯಾಟಿಕಾ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸಲ ಇದು ಆಗುವುದು ಸೊಂಟದ ಕೊನೆಯ ಎರಡು ಡಿಸ್ಕ್‌ಗಳಲ್ಲೇ.

ಸಯಾಟಿಕಾಕ್ಕೂ ಡಿಸ್ಕ್‌ಗೂ ಇರುವ ಈ ನಂಟನ್ನು ವೈದ್ಯಲೋಕ ಒಪ್ಪುವಂತೆ ಮಾಡಿದವರು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ನರಶಸ್ತ್ರವೈದ್ಯ ವಿಲಿಯಂ ಮಿಕ್ಸ್‌ಟರ್ ಮತ್ತು ಮೂಳೆತಜ್ಞ ಜೋಸೆಫ್ ಬಾರ್. ಅಲ್ಲಿಯವರೆಗೆ ಬೆನ್ನುಹುರಿಯ ನಾಳದಲ್ಲಿ ಸಿಗುತ್ತಿದ್ದ ಆ ಚೂರುಗಳನ್ನು ಗಡ್ಡೆಯೆಂದೇ ತಿಳಿಯಲಾಗುತ್ತಿತ್ತು. ಅವು ಗಡ್ಡೆಯಲ್ಲ, ಡಿಸ್ಕ್‌ನದೇ ತುಣುಕು ಎಂದು 1934ರಲ್ಲಿ ಇಬ್ಬರೂ ಬರೆದರು. ತುಣುಕು ತೆಗೆದರೆ ಕಾಲಿನ ನೋವು ಹೋಗುತ್ತದೆ ಎಂದೂ ತೋರಿಸಿದರು. ಆಮೇಲಿನ ಕೆಲವು ದಶಕ ಡಿಸ್ಕ್ ಆಪರೇಷನ್ನಿನ ಸುಗ್ಗಿ. ತೆಗೆಸಿಕೊಂಡವರು ಗುಣವಾದರು, ಸರಿ. ಆದರೆ ತೆಗೆಯದೆ ಬಿಟ್ಟಿದ್ದರೆ? ಬಹಳ ವರ್ಷ ಯಾರೂ ಆ ಪ್ರಶ್ನೆಯನ್ನು ಸರಿಯಾಗಿ ಕೇಳಲಿಲ್ಲ.

ಕೇಳಲೇಬೇಕಾದ ಪ್ರಶ್ನೆ ಅದು. ಹೊರಬಂದ ತಿರುಳನ್ನು ದೇಹ ಹೊರಗಿನ ವಸ್ತುವೆಂದು ಭಾವಿಸಿ ರಕ್ಷಣಾ ಕೋಶಗಳನ್ನು ಕಳಿಸುತ್ತದೆ, ಅವು ಅದನ್ನು ತಿಂದು ಕರಗಿಸುತ್ತವೆ. ಸ್ಕ್ಯಾನಿನಲ್ಲಿ ದೊಡ್ಡ ಚೂರು ಕಂಡರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ, ಸಣ್ಣ ಉಬ್ಬು ಕಂಡರೆ ಸಮಾಧಾನಪಡುತ್ತಾರೆ. ಕರಗುವ ವಿಷಯದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು: ಬಳೆಯಿಂದ ಪೂರ್ತಿ ಕಳಚಿಕೊಂಡ ಚೂರು ಬಹುತೇಕ ಕರಗಿಬಿಡುತ್ತದೆ, ಬರೀ ಉಬ್ಬಿಕೊಂಡ ಡಿಸ್ಕ್ ಅಷ್ಟಾಗಿ ಕುಗ್ಗುವುದಿಲ್ಲ.

ಇನ್ನು ಲಕೋಟೆಯೊಳಗಿನ ವರದಿ. ಅಮೆರಿಕದಲ್ಲಿ 1994ರಲ್ಲಿ, ಬೆನ್ನುನೋವೇ ಇಲ್ಲದ 98 ಮಂದಿಯ ಸೊಂಟದ ಎಂಆರ್‌ಐ ತೆಗೆದು ನೋಡಿದರು. ಅವರಲ್ಲಿ 64 ಶೇಕಡಾ ಮಂದಿಗೆ ಕನಿಷ್ಠ ಒಂದು ಡಿಸ್ಕ್‌ನಲ್ಲಾದರೂ ದೋಷ ಕಂಡಿತು. ಇಂಥ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿದ 2015ರ ವಿಮರ್ಶೆಯ ಪ್ರಕಾರ, ನೋವಿಲ್ಲದ ಇಪ್ಪತ್ತರ ಹರೆಯದವರಲ್ಲೇ 37 ಶೇಕಡಾ ಮಂದಿಗೆ ಡಿಸ್ಕ್ ಸವೆದಿರುತ್ತದೆ. ಎಂಬತ್ತರವರಲ್ಲಿ ಅದು 96 ಶೇಕಡಾ. ತಲೆಗೂದಲು ಬೆಳ್ಳಗಾದದ್ದನ್ನು ಯಾರೂ ರೋಗವೆಂದು ವರದಿಯಲ್ಲಿ ಬರೆದುಕೊಡುವುದಿಲ್ಲ. ಡಿಸ್ಕ್ ಸವೆದದ್ದನ್ನು ಇಂಗ್ಲಿಷಿನ ದಪ್ಪಕ್ಷರದಲ್ಲಿ ಬರೆದುಕೊಡುತ್ತಾರೆ. ಚಿತ್ರವೂ ನೋವೂ ಒಂದೇ ನರಕ್ಕೆ ಬೆರಳು ತೋರಿಸಿದಾಗ ಮಾತ್ರ ಆ ವರದಿಗೆ ಬೆಲೆ.

ಓಸ್ಲೋದ ಚೀಟಿ

ಚೀಟಿ ಎತ್ತಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ಬರೀ ಔಷಧ-ವ್ಯಾಯಾಮ ಕೊಟ್ಟು ಹೋಲಿಸುವ ಧೈರ್ಯವನ್ನು ಡಿಸ್ಕ್ ವಿಷಯದಲ್ಲಿ ಮೊದಲು ತೋರಿದವರು ನಾರ್ವೆಯ ಓಸ್ಲೋದ ಹೆನ್ರಿಕ್ ವೆಬರ್. ಅವರ ಬಳಿ ಇದ್ದ ರೋಗಿಗಳು 280. ಅವರಲ್ಲಿ ಕೆಲವರಿಗೆ ಆಪರೇಷನ್ ಬೇಕೇ ಬೇಕಿತ್ತು, ಕೆಲವರಿಗೆ ಬೇಡವೇ ಬೇಡ ಎಂಬುದು ಸ್ಪಷ್ಟವಿತ್ತು. ಅವರನ್ನೆಲ್ಲ ಬದಿಗಿಟ್ಟು, ‘ಮಾಡಬಹುದು, ಮಾಡದೆಯೂ ಇರಬಹುದು’ ಎನ್ನುವಂತಿದ್ದ 126 ಮಂದಿಗೆ ಮಾತ್ರ ಚೀಟಿ ಎತ್ತಿದರು. ನನಗೆ ಬಹಳ ಹಿಡಿಸುವುದು ಈ ವಿನಯ. ಗೊತ್ತಿರುವಲ್ಲಿ ಪರೀಕ್ಷೆ ಮಾಡಲಿಲ್ಲ, ಅನುಮಾನವಿದ್ದಲ್ಲಿ ಮಾತ್ರ ಮಾಡಿದರು.

1983ರಲ್ಲಿ ಅವರು ಪ್ರಕಟಿಸಿದ ಫಲಿತಾಂಶಕ್ಕೆ ಹತ್ತು ವರ್ಷದ ಹಿಂಬಾಲಿಕೆಯ ಬಲವಿತ್ತು. ಒಂದು ವರ್ಷಕ್ಕೆ ನೋಡಿದರೆ ಆಪರೇಷನ್ ಆದವರು ಸ್ಪಷ್ಟವಾಗಿ ಮುಂದಿದ್ದರು. ನಾಲ್ಕು ವರ್ಷಕ್ಕೆ ಅಂತರ ಕರಗಿ ನೆಚ್ಚುವಂತಿರಲಿಲ್ಲ. ಹತ್ತು ವರ್ಷಕ್ಕೆ ಎರಡೂ ಗುಂಪು ಒಂದೇ ಕಡೆ ಬಂದು ನಿಂತಿದ್ದವು. ಕಾಲಿನ ಬಲ ಕುಗ್ಗಿದ್ದವರಲ್ಲಿ ಕೂಡ ಚೇತರಿಕೆ ಎರಡೂ ಕಡೆ ಒಂದೇ ತೆರನಾಗಿತ್ತು. ಅಂದರೆ ಸರ್ಜನ್ ಬೇಗ ಮುಟ್ಟಿಸುವ ಊರಿಗೆ ಕಾಲ ನಿಧಾನವಾಗಿ ಮುಟ್ಟಿಸುತ್ತದೆ. ಹಾಗೆಂದು ಆಪರೇಷನ್ ವ್ಯರ್ಥ ಎಂದು ಓದಿಕೊಂಡವರೂ ಇದ್ದರು. ನೋವಿನಲ್ಲಿ ಒದ್ದಾಡುವವನಿಗೆ ಒಂದು ವರ್ಷ ಎಂದರೆ ಎಷ್ಟು ಎಂಬುದು ಅವರಿಗೆ ಹೊಳೆಯಲಿಲ್ಲವೇನೋ.

ಚೀಟಿಗೆ ಸೊಪ್ಪು ಹಾಕದವರು

ಅಮೆರಿಕದಲ್ಲಿ ಇದೇ ಪ್ರಶ್ನೆಯನ್ನು ಬೃಹತ್ತಾಗಿ ಎತ್ತಿಕೊಂಡವರು ಡಾರ್ಟ್‌ಮತ್‌ನ ಮೂಳೆತಜ್ಞ ಜೇಮ್ಸ್ ವೈನ್‌ಸ್ಟೀನ್. ಅದಕ್ಕೆ ಕಾರಣವೂ ಇತ್ತು. ಯಾವ ಊರಿನಲ್ಲಿ ಯಾವ ಆಪರೇಷನ್ ಎಷ್ಟು ನಡೆಯುತ್ತದೆ ಎಂಬ ಭೂಪಟವನ್ನೇ ಡಾರ್ಟ್‌ಮತ್ ಸಂಶೋಧಕರು ಬಿಡಿಸುತ್ತಿದ್ದರು. 2002-03ರ ಲೆಕ್ಕದಲ್ಲಿ, ಹಿರಿಯ ನಾಗರಿಕರಿಗೆ ಕಶೇರುಕಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆಯ ಪ್ರಮಾಣ ಒಂದು ಪ್ರದೇಶಕ್ಕೂ ಇನ್ನೊಂದಕ್ಕೂ ಹೆಚ್ಚುಕಡಿಮೆ ಇಪ್ಪತ್ತು ಪಟ್ಟು ಭಿನ್ನವಾಗಿತ್ತು. ಬೆನ್ನುಗಳು ಊರಿಂದೂರಿಗೆ ಅಷ್ಟು ಬೇರೆಯಾಗಿರಲು ಸಾಧ್ಯವಿಲ್ಲ. ಬೇರೆಯಾಗಿದ್ದದ್ದು ಸರ್ಜನ್ನರ ನಂಬಿಕೆ.

2000ದಲ್ಲಿ ಶುರುವಾದ ಆ ಅಧ್ಯಯನದ ಹೆಸರು ‘ಸ್ಪೋರ್ಟ್’. ಹನ್ನೊಂದು ರಾಜ್ಯಗಳ ಹದಿಮೂರು ಕೇಂದ್ರಗಳು, ಮೂರು ಕಾಯಿಲೆಗಳು, ಸುಮಾರು 2500 ರೋಗಿಗಳು. ಡಿಸ್ಕ್ ಕಾಯಿಲೆಯ ಭಾಗದಲ್ಲಿ 501 ಮಂದಿ ಚೀಟಿಗೆ ಒಪ್ಪಿದರು. ಚೀಟಿ ಬೇಡ, ನಮ್ಮ ದಾರಿ ನಾವೇ ಆರಿಸಿಕೊಳ್ಳುತ್ತೇವೆ ಎಂದ 743 ಮಂದಿಯನ್ನೂ ಜತೆಜತೆಗೇ ಗಮನಿಸಿದರು. ಎಲ್ಲರಿಗೂ ಮೊದಲು ಎರಡೂ ಚಿಕಿತ್ಸೆಗಳ ಬಗ್ಗೆ ವಿಡಿಯೊ ತೋರಿಸಿ, ತಿಳಿಸಿ ಹೇಳಿಯೇ ಸೇರಿಸಿಕೊಂಡದ್ದು.

ಆಮೇಲೆ ನಡೆದದ್ದನ್ನು ಯಾವ ಸಂಖ್ಯಾಶಾಸ್ತ್ರಜ್ಞನೂ ಬಯಸಿರಲಿಕ್ಕಿಲ್ಲ. ಚೀಟಿಯಲ್ಲಿ ಆಪರೇಷನ್ ಬಂದವರಲ್ಲಿ ಮೂರು ತಿಂಗಳಲ್ಲಿ ಅದನ್ನು ಮಾಡಿಸಿಕೊಂಡವರು ಅರ್ಧದಷ್ಟು ಮಾತ್ರ. ಎರಡು ವರ್ಷ ಕಳೆದರೂ ಆ ಪ್ರಮಾಣ 60 ಶೇಕಡಾ ದಾಟಲಿಲ್ಲ. ಆಪರೇಷನ್ ಇಲ್ಲ ಎಂದು ಬಂದವರಲ್ಲಿ 45 ಶೇಕಡಾ ಮಂದಿ ಎರಡು ವರ್ಷದೊಳಗೆ ಹೋಗಿ ಮಾಡಿಸಿಕೊಂಡುಬಿಟ್ಟರು. ನೋವು ಕಡಿಮೆಯಾಗುತ್ತಿದೆ ಎನಿಸಿದವರು ಆಪರೇಷನ್ ಥಿಯೇಟರಿನ ಬಾಗಿಲಿಂದ ಹಿಂದಿರುಗಿದರು, ತಡೆಯಲಾಗದವರು ಒಳಗೆ ನುಗ್ಗಿದರು. ಚಿಕಿತ್ಸೆಯ ಸಾಚಾತನ ತಿಳಿಯಲೆಂದು ಕಟ್ಟಿದ್ದ ಎರಡು ಗುಂಪುಗಳು ಒಂದರೊಳಗೊಂದು ಬೆರೆತುಹೋದವು.

ಇಂಥ ಪ್ರಯೋಗದಲ್ಲಿ ನಿಯಮ ಕಟ್ಟುನಿಟ್ಟು: ಯಾರು ಏನೇ ಮಾಡಿಸಿಕೊಂಡಿರಲಿ, ಚೀಟಿಯಲ್ಲಿ ಬಂದ ಗುಂಪಿನ ಲೆಕ್ಕಕ್ಕೇ ಸೇರಬೇಕು. ಹಾಗೆ ಎಣಿಸಿದಾಗ ಎರಡೂ ಗುಂಪು ಚೆನ್ನಾಗಿ ಸುಧಾರಿಸಿದ್ದವು, ಆಪರೇಷನ್ ಗುಂಪು ತುಸು ಮುಂದಿದ್ದರೂ ಮುಖ್ಯ ಅಳತೆಗಳಲ್ಲಿ ಆ ಅಂತರ ಗಣನೀಯ ಎನ್ನುವಷ್ಟಿರಲಿಲ್ಲ. ನಿಜವಾಗಿ ಆಪರೇಷನ್ ಆದವರನ್ನೂ ಆಗದವರನ್ನೂ ಹೋಲಿಸಿದರೆ ಚಿತ್ರವೇ ಬೇರೆ. ನಾಲ್ಕು ವರ್ಷದ ನಂತರವೂ ಆದವರು ನೂರರ ಅಂಗವಿಕಲತೆ ಅಳತೆಯಲ್ಲಿ ಸುಮಾರು 13 ಅಂಕದಷ್ಟು ಹೆಚ್ಚು ಸುಧಾರಿಸಿದ್ದರು. 2006ರ ನವೆಂಬರಿನಲ್ಲಿ ಮೊದಲ ಫಲಿತಾಂಶ ಹೊರಬಿದ್ದಾಗ ಆಪರೇಷನ್ ಪರ ಇದ್ದವರೂ ವಿರುದ್ಧ ಇದ್ದವರೂ ಒಂದೇ ಪ್ರಬಂಧವನ್ನು ಹಿಡಿದು ನಾವು ಗೆದ್ದೆವು ಎಂದರು.

ಸ್ಪೋರ್ಟ್ ಸೋತ ಪ್ರಯೋಗ ಎಂದು ಕೆಲವರ ಅಭಿಪ್ರಾಯ. ನಾನು ಹಾಗೆ ಓದುವುದಿಲ್ಲ. ರೋಗಿಗಳು ಚೀಟಿಗೆ ಸೊಪ್ಪು ಹಾಕದೆ ತಮ್ಮ ನೋವನ್ನು ನಂಬಿ ನಡೆದರು. ಬಂದ ಫಲಿತಾಂಶ ನೋಡಿದರೆ, ಕಾದವರಿಗೂ ನಷ್ಟವಾಗಲಿಲ್ಲ, ಮಾಡಿಸಿಕೊಂಡವರಿಗೂ ನಷ್ಟವಾಗಲಿಲ್ಲ. ಕಾಯುವುದರಿಂದ ಲಕ್ವ ಹೊಡೆಯುತ್ತದೆ ಎಂಬ ಹೆದರಿಕೆಯನ್ನೂ, ಆಪರೇಷನ್ ಆದರೆ ಹಾಸಿಗೆಯೇ ಗತಿ ಎಂಬ ಹೆದರಿಕೆಯನ್ನೂ ಅದು ಒಟ್ಟಿಗೇ ಅಲ್ಲಗಳೆಯಿತು. ಮೊದಲ ವರ್ಷದಲ್ಲಿ ಮತ್ತೆ ಆಪರೇಷನ್ ಬೇಕಾದವರು ಸುಮಾರು 4 ಶೇಕಡಾ. ಎಂಟು ವರ್ಷಕ್ಕೆ ಸುಮಾರು 15 ಶೇಕಡಾ. ಸಣ್ಣ ಸಂಖ್ಯೆಯಲ್ಲ, ಭಯಪಡಿಸುವ ಸಂಖ್ಯೆಯೂ ಅಲ್ಲ. ಒಂದು ವಿಷಯದಲ್ಲಿ ಮಾತ್ರ ಆಪರೇಷನ್ ಏನೂ ಮಾಡಲಿಲ್ಲ: ಕೆಲಸಕ್ಕೆ ಮರಳಿದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇತ್ತು.

ಎಷ್ಟು ದಿನ ಕಾಯಬೇಕು ಎಂಬುದಕ್ಕೆ ಉತ್ತರ ಸಿಕ್ಕಿದ್ದು ಬೇರೆ ಎರಡು ದೇಶಗಳಿಂದ. ನೆದರ್ಲೆಂಡ್ಸ್‌ನಲ್ಲಿ ಆರರಿಂದ ಹನ್ನೆರಡು ವಾರ ಸಯಾಟಿಕಾ ಅನುಭವಿಸಿದ್ದ 283 ಮಂದಿಯನ್ನು ‘ಈಗಲೇ ಆಪರೇಷನ್’ ಮತ್ತು ‘ಇನ್ನೂ ಕಾಯೋಣ’ ಎಂದು ಹಂಚಿದರು. ಬೇಗ ಮಾಡಿಸಿಕೊಂಡವರು ಸುಮಾರು ನಾಲ್ಕು ವಾರದಲ್ಲಿ ಗುಣವಾದೆವು ಎಂದರು, ಕಾದವರು ಹನ್ನೆರಡು ವಾರದಲ್ಲಿ. ಕಾದವರಲ್ಲಿ 39 ಶೇಕಡಾ ಮಂದಿ ವರ್ಷದೊಳಗೆ ಆಪರೇಷನ್ನಿಗೇ ಬಂದರು. ಉಳಿದವರಿಗೆ ಆ ವರ್ಷ ಬೇಕಾಗಲಿಲ್ಲ. ವರ್ಷ ತುಂಬುವಾಗ ಎರಡೂ ಗುಂಪಿನಲ್ಲಿ 95 ಶೇಕಡಾ ಮಂದಿ ಗುಣವಾಗಿದ್ದರು. ಇದು 2007ರದು. 2020ರಲ್ಲಿ ಕೆನಡಾದಿಂದ ಬಂದ ಅಧ್ಯಯನ ಇದರ ಇನ್ನೊಂದು ತುದಿ: ನಾಲ್ಕರಿಂದ ಹನ್ನೆರಡು ತಿಂಗಳು ನೋವು ಬಿಡದೆ ಕಾಡಿದ್ದ 128 ಮಂದಿ. ಹತ್ತಕ್ಕೆ ಎಂಟರ ಆಸುಪಾಸಿನಲ್ಲಿದ್ದ ಕಾಲು ನೋವು ಆರು ತಿಂಗಳ ಬಳಿಕ ಆಪರೇಷನ್ ಗುಂಪಿನಲ್ಲಿ 2.8ಕ್ಕೆ ಇಳಿಯಿತು, ಇನ್ನೊಂದರಲ್ಲಿ 5.2ಕ್ಕೆ ನಿಂತಿತು. ಎರಡನ್ನೂ ಕೂಡಿಸಿ ಓದಿದರೆ, ಮೊದಲ ಒಂದೆರಡು ತಿಂಗಳು ಕಾಲವನ್ನು ನಂಬಬಹುದು. ನಾಲ್ಕು ತಿಂಗಳಾದರೂ ಜಗ್ಗದ ಕಾಲು ನೋವನ್ನು ‘ಇನ್ನೂ ಸ್ವಲ್ಪ ಎಣ್ಣೆ ಹಚ್ಚಿಸಿ ನೋಡೋಣ’ ಎಂದು ಎಳೆಯುವುದರಲ್ಲಿ ಅರ್ಥವಿಲ್ಲ.

ಮೋರಿಕಟ್ಟೆಯ ಮೇಲೆ ಕೂರುವವರು

ಅರವತ್ತು ದಾಟಿದ ಕೆಲವರು ಮಾರುಕಟ್ಟೆಗೆ ಹೊರಟು ಸ್ವಲ್ಪ ದೂರ ನಡೆದು ಮೋರಿಕಟ್ಟೆ ಕಂಡರೆ ಕೂತುಬಿಡುತ್ತಾರೆ. ಎರಡು ನಿಮಿಷ ಮುಂದಕ್ಕೆ ಬಾಗಿ ಕೂತು ಎದ್ದರೆ ಮತ್ತೆ ಅಷ್ಟೇ ದೂರ. ನಿಂತರೆ ಕಾಲು ಜೋಮು ಹಿಡಿಯುತ್ತದೆ, ಸೈಕಲ್ ತುಳಿಯಲು ಮಾತ್ರ ಏನೂ ತೊಂದರೆಯಿಲ್ಲ. ನರಗಳು ಇಳಿಯುವ ನಾಳ ವಯಸ್ಸಿನಿಂದ ಇಕ್ಕಟ್ಟಾಗಿರುತ್ತದೆ. ಮುಂದಕ್ಕೆ ಬಾಗಿದಾಗ ಅದು ತುಸು ಅಗಲವಾಗುತ್ತದೆ, ನೆಟ್ಟಗೆ ನಿಂತಾಗ ಕಿರಿದಾಗುತ್ತದೆ. ಈ ಸ್ಟೆನೋಸಿಸ್‌ಗೆ ನಾಳದ ಹಿಂಭಾಗದ ಮೂಳೆ, ದಪ್ಪಗಾದ ಅಸ್ಥಿರಜ್ಜು ಕೆತ್ತಿ ನರಗಳಿಗೆ ಜಾಗ ಮಾಡಿಕೊಡುವ ಆಪರೇಷನ್ ಇದೆ. ಸ್ಪೋರ್ಟ್‌ನ 2008ರ ವರದಿಯಲ್ಲಿ ಇವರ ವಿಷಯದಲ್ಲಿ ಆಪರೇಷನ್ ಮೇಲುಗೈ ಪಡೆಯಿತು. ಇಲ್ಲೂ ಜನ ಗುಂಪು ಬದಲಿಸಿದ್ದರು, ಆದರೂ ನೋವಿನ ಅಳತೆಯಲ್ಲಿ ಅಂತರ ಉಳಿಯಿತು. ನಾಲ್ಕು ವರ್ಷದಾಚೆ ಆ ಅಂತರ ಸವೆಯತೊಡಗಿತು. ವಯಸ್ಸು ನಿಂತಿರುವುದಿಲ್ಲವಲ್ಲ.

ಇಲ್ಲೂ ನೆನಪಿಡಬೇಕಾದ್ದು, ಸುಧಾರಿಸಿದ್ದು ಕಾಲು. ನಡಿಗೆ.

ಇಷ್ಟಕ್ಕೆ ನಿಂತಿದ್ದರೆ ಜಗಳವಿರಲಿಲ್ಲ. ಸ್ಟೆನೋಸಿಸ್ ಇರುವ ಹಲವರಲ್ಲಿ ಒಂದು ಕಶೇರುಕ ಇನ್ನೊಂದರ ಮೇಲೆ ತುಸು ಮುಂದಕ್ಕೆ ಸರಿದಿರುತ್ತದೆ. ಬರೀ ಜಾಗ ಮಾಡಿಕೊಟ್ಟರೆ ಅದು ಇನ್ನಷ್ಟು ಸರಿಯಬಹುದು, ಹಾಗಾಗಿ ಸ್ಕ್ರೂ-ಸರಳು ಹಾಕಿ ಎರಡನ್ನೂ ಬೆಸೆಯಬೇಕು ಎಂಬುದು ಬಹುಕಾಲದ ವಾದ. ವಾದ ತರ್ಕಬದ್ಧವಾಗಿದೆ. ಸ್ವೀಡನ್ನಿನಲ್ಲಿ 247 ಮಂದಿಯ ಮೇಲೆ ಇದನ್ನು ಪರೀಕ್ಷಿಸಿದರು. ಅರ್ಧದಷ್ಟು ಜನರಿಗೆ ಬರೀ ನಾಳ ಬಿಡಿಸಿದರು, ಉಳಿದವರಿಗೆ ಬಿಡಿಸಿ ಬೆಸೆದೂ ಬೆಸೆದರು. 2016ರ ವರದಿಯ ಪ್ರಕಾರ ಎರಡು ವರ್ಷದ ನಂತರ ಆರು ನಿಮಿಷದಲ್ಲಿ ಒಂದು ಗುಂಪು ನಡೆದದ್ದು ಸರಾಸರಿ 397 ಮೀಟರ್, ಇನ್ನೊಂದು 405. ಹೆಚ್ಚು ನಡೆದದ್ದು ಬೆಸುಗೆ ಇಲ್ಲದವರು. ಐದು ವರ್ಷಕ್ಕೂ ಬೆಸೆದದ್ದರಿಂದ ಲಾಭ ಕಾಣಲಿಲ್ಲ. ಆಸ್ಪತ್ರೆಯ ವಾಸ ಮಾತ್ರ ನಾಲ್ಕು ದಿನದಿಂದ ಏಳಕ್ಕೆ ಏರಿತ್ತು. ಆ ವರದಿ ಬಂದ ಪತ್ರಿಕೆಯ ಅದೇ ಸಂಚಿಕೆಯಲ್ಲೇ ಅಮೆರಿಕದ 66 ರೋಗಿಗಳ ಇನ್ನೊಂದು ಅಧ್ಯಯನ ಬೆಸುಗೆಗೆ ಸಣ್ಣ ಲಾಭವಿದೆ ಎಂದಿತು. ತಕರಾರು ತೀರಿಸಲು ನಾರ್ವೆಯವರು, ಕಶೇರುಕ ಸರಿದಿದ್ದ 267 ಮಂದಿಯನ್ನೇ ಆರಿಸಿಕೊಂಡು ನೋಡಿದರು. 2021ರಲ್ಲಿ ಬಂದ ಉತ್ತರ: ಬರೀ ಬಿಡಿಸಿದ್ದು ಬೆಸೆದದ್ದಕ್ಕೆ ಕಡಿಮೆಯಿಲ್ಲ.

ಬೆಸುಗೆ ಯಾರಿಗೂ ಬೇಡ ಎಂದಲ್ಲ. ಮುರಿತ, ಗಡ್ಡೆ, ಸೋಂಕು, ವಕ್ರ ಬೆನ್ನು, ನಿಜವಾಗಿ ಅಲುಗಾಡುವ ಕೀಲು, ಇವುಗಳಲ್ಲಿ ಹಲವು ಸಲ ಅದು ಬೇಕಾಗುತ್ತದೆ. ಪ್ರಶ್ನೆಯಿರುವುದು ಕಾಲಿಗೆ ಇಳಿಯದ, ಸೊಂಟದಲ್ಲೇ ಕೂತ ಹಳೆಯ ನೋವಿಗೆ ಹಾಕುವ ಸ್ಕ್ರೂಗಳ ಬಗ್ಗೆ. 2001ರ ಸ್ವೀಡಿಷ್ ಅಧ್ಯಯನವೊಂದು ಬೆಸುಗೆಯ ಪರ ಬಂತು. ಆದರೆ ಅಲ್ಲಿ ಹೋಲಿಸಿದ್ದು ಅವರವರಿಗೆ ತೋಚಿದಂತೆ ನಡೆದ ಫಿಸಿಯೋಥೆರಪಿಯ ಜತೆ. ನಾರ್ವೆಯವರು ಎದುರು ಪಕ್ಷವನ್ನು ಬಲಪಡಿಸಿದರು. ಬೆನ್ನು ಬಗ್ಗಿಸಿದರೆ ಒಡೆದುಹೋಗುವುದಿಲ್ಲ ಎಂದು ರೋಗಿಗೆ ಮನದಟ್ಟು ಮಾಡಿಸಿ, ಹೆದರಿಕೆ ಬಿಡಿಸಿ, ಮೂರು ವಾರ ಬಿಗಿಯಾದ ವ್ಯಾಯಾಮ ಮಾಡಿಸಿದರು. ಹಾಗೆ ಮಾಡಿದಾಗ ಬೆಸುಗೆಯ ಮೇಲುಗೈ ಬಹುತೇಕ ಮಾಯವಾಯಿತು. ಬ್ರಿಟನ್ನಿನಲ್ಲಿ 349 ಮಂದಿಯ ಮೇಲೆ ನಡೆದ 2005ರ ಪ್ರಯೋಗದಲ್ಲಿ ಅಂತರ ನೂರಕ್ಕೆ ನಾಲ್ಕು ಅಂಕ. ರೋಗಿಯೊಬ್ಬ ‘ಹೌದು, ಸುಧಾರಿಸಿದೆ’ ಎಂದು ತಾನಾಗಿ ಹೇಳಬೇಕಾದರೆ ಅದರ ಎರಡು-ಮೂರು ಪಟ್ಟಾದರೂ ಬೇಕು. ಬೆಂಚಿನ ಮೇಲಿನ ಮಾತಿನಲ್ಲಿ ಬಂದ ಭಾವನವರು ಬಹುಶಃ ಈ ಗುಂಪಿನವರು.

ಸಿಮೆಂಟಿನ ವಾಸನೆ

ಆಪರೇಷನ್ ಆದ ಮೇಲೆ ನೋವು ಇಳಿಯಿತು ಎಂದರೆ ಆಪರೇಷನ್ನಿನಿಂದಲೇ ಇಳಿಯಿತೇ? ಇದಕ್ಕೆ ಅತ್ಯಂತ ನಿಷ್ಠುರ ಪರೀಕ್ಷೆ ನಡೆದದ್ದು ವರ್ಟಿಬ್ರೊಪ್ಲಾಸ್ಟಿ ವಿಷಯದಲ್ಲಿ. ಮೂಳೆ ಟೊಳ್ಳಾಗಿ ಕುಸಿದ ಕಶೇರುಕಕ್ಕೆ ಸೂಜಿಯಿಂದ ಮೂಳೆ ಸಿಮೆಂಟ್ ತುಂಬುವ ಈ ವಿಧಾನದಿಂದ ಮುದುಕಿಯರು ಮೇಜಿನ ಮೇಲಿಂದ ನಗುತ್ತ ಎದ್ದು ಹೋಗುತ್ತಾರೆ ಎಂಬ ಖ್ಯಾತಿಯಿತ್ತು. 2009ರಲ್ಲಿ ಎರಡು ಪ್ರಯೋಗಗಳ ಫಲಿತಾಂಶ ಒಟ್ಟಿಗೇ ಬಂತು. ಆಸ್ಟ್ರೇಲಿಯಾದ ರೇಚಲ್ ಬುಕ್‌ಬೈಂಡರ್ ತಂಡದ್ದು 78 ಮಂದಿಯ ಮೇಲೆ, ಡೇವಿಡ್ ಕಾಲ್ಮ್ಸ್ ತಂಡದ್ದು 131 ಮಂದಿಯ ಮೇಲೆ. ಅರ್ಧ ಜನರಿಗೆ ನಿಜವಾದ ಸಿಮೆಂಟ್. ಉಳಿದವರಿಗೆ ಬೆನ್ನು ಮರಗಟ್ಟಿಸಿ, ಮೇಲೆ ಒತ್ತಿ, ಮಾಡಿದಂತೆ ನಟಿಸಿದ್ದು. ಸಿಮೆಂಟ್ ಕಲಸಿದಾಗ ಬರುವ ಘಾಟು ವಾಸನೆ ಕೂಡ ರೋಗಿಯ ಮೂಗಿಗೆ ಬಡಿಯುವಂತೆ ನೋಡಿಕೊಂಡಿದ್ದರು. ಎರಡೂ ಗುಂಪಿನಲ್ಲಿ ನೋವು ಇಳಿಯಿತು, ಒಂದೇ ಪ್ರಮಾಣದಲ್ಲಿ. ಮುರಿತ ತೀರಾ ಹೊಸದಿದ್ದವರಿಗೆ ಲಾಭವಿರಬಹುದು ಎಂದು ಆಮೇಲಿನ ಒಂದು ಅಧ್ಯಯನ ಹೇಳಿತಾದರೂ ಮೊದಲಿನ ಆ ಖ್ಯಾತಿ ಮರಳಲಿಲ್ಲ.

ಹೀಗಿರುವಾಗ ಫಲಿತಾಂಶ ಅಳೆಯುವುದು ಹೇಗೆ ಎಂಬುದೇ ಒಂದು ವಿದ್ಯೆಯಾಯಿತು. ಎಕ್ಸ್‌ರೇಯಲ್ಲಿ ಸ್ಕ್ರೂ ನೆಟ್ಟಗೆ ಕೂತಿದೆ, ಮೂಳೆ ಬೆಸೆದಿದೆ ಎಂಬುದು ಸರ್ಜನ್ನರ ಗೆಲುವು. ರೋಗಿಯ ಗೆಲುವು ಯಾವುದು? 1980ರಲ್ಲಿ ಇಂಗ್ಲೆಂಡಿನ ಆಸ್ವೆಸ್ಟ್ರಿ ಎಂಬ ಊರಿನ ಆಸ್ಪತ್ರೆಯಿಂದ ಜೆರೆಮಿ ಫೇರ್‌ಬ್ಯಾಂಕ್ ಮತ್ತು ಸಂಗಡಿಗರು ಹತ್ತು ಪ್ರಶ್ನೆಗಳ ಪಟ್ಟಿಯೊಂದನ್ನು ಹೊರತಂದರು. ಕೂರಲು, ನಿಲ್ಲಲು, ನಡೆಯಲು, ಭಾರ ಎತ್ತಲು, ಮಲಗಲು, ಪ್ರಯಾಣ ಮಾಡಲು ಎಷ್ಟು ಕಷ್ಟ ಎಂದು ರೋಗಿಯೇ ಗುರುತು ಹಾಕಬೇಕು. ಜಗತ್ತಿನ ಬಹುಪಾಲು ಬೆನ್ನಿನ ಸಂಶೋಧನೆ ಇಂದಿಗೂ ನಿಂತಿರುವುದು ಇದರ ಮೇಲೆ. ಅದರಲ್ಲಿ ದಾಂಪತ್ಯದ ಬಗ್ಗೆಯೂ ಒಂದು ಪ್ರಶ್ನೆಯಿದೆ. ಖಾಲಿ ಬಿಟ್ಟರೆ ಉಳಿದ ಒಂಬತ್ತಕ್ಕೇ ಲೆಕ್ಕ ಹಾಕುವ ದಾರಿಯನ್ನೂ ಮಾಡಿಟ್ಟಿದ್ದಾರೆ. ನೆಲದ ಮೇಲೆ ಚಕ್ಕಳಮಕ್ಕಳ ಕೂರುವುದು, ಕುಕ್ಕರಗಾಲಿನಲ್ಲಿ ಕೂತು ಏಳುವುದು, ಇಡೀ ದಿನ ಬಗ್ಗಿ ಪೈರು ನಾಟಿ ಮಾಡುವುದು ಮಾತ್ರ ಆ ಹತ್ತರಲ್ಲಿ ಇಲ್ಲ. ಮಂಡ್ಯದ ಗದ್ದೆಯಲ್ಲಿ ದುಡಿಯುವ ಹೆಂಗಸಿನ ಬೆನ್ನಿಗೆ ಆಸ್ವೆಸ್ಟ್ರಿಯ ಅಂಕ ಪೂರ್ತಿ ನ್ಯಾಯ ಒದಗಿಸುತ್ತದೆ ಎಂದು ನನಗನ್ನಿಸುವುದಿಲ್ಲ.

ಕಾಯಬಾರದ ಬೆನ್ನು

ಇಷ್ಟೆಲ್ಲ ಓದಿ ಕಾಯುವುದೇ ಲೇಸು ಎಂದುಕೊಳ್ಳುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಬೆನ್ನುನೋವಿನ ಜತೆ ಮೂತ್ರ ಕಟ್ಟಿಕೊಂಡರೆ, ಅಥವಾ ತಿಳಿಯದೆ ಹೋಗತೊಡಗಿದರೆ, ಮಲ-ಮೂತ್ರದ್ವಾರದ ಸುತ್ತ ಜೋಮು ಹಿಡಿದರೆ, ನರಗಳ ಗೊಂಚಲೇ ಅದುಮಿಹೋಗಿದೆ ಎಂದರ್ಥ. ಅಲ್ಲಿ ವಾರಗಳ ಲೆಕ್ಕವಿಲ್ಲ, ಗಂಟೆಗಳ ಲೆಕ್ಕ. 48 ಗಂಟೆಯೊಳಗೆ ಒತ್ತಡ ಬಿಡಿಸಿದರೆ ಚೇತರಿಕೆಯ ಸಂಭವ ಹೆಚ್ಚು. ಕುತ್ತಿಗೆಯಲ್ಲಿ ಬೆನ್ನುಹುರಿಯೇ ಒತ್ತಿದಾಗ ನೋವು ಇಲ್ಲದೆಯೂ ಇರಬಹುದು. ಅಂಗಿಯ ಗುಂಡಿ ಹಾಕಲು ಬೆರಳು ತಡಕಾಡುತ್ತದೆ, ಅನ್ನ ಕಲಸಲು ಆಗುವುದಿಲ್ಲ, ಕಾಲಿನಿಂದ ಚಪ್ಪಲಿ ಕಳಚಿ ಹೋದದ್ದೂ ಗೊತ್ತಾಗುವುದಿಲ್ಲ. ವಯಸ್ಸಾಯಿತು ಎಂದು ಮನೆಯವರು ಸುಮ್ಮನಿರುತ್ತಾರೆ. ಇಲ್ಲಿ ಕಳೆದುಕೊಂಡದ್ದು ಪೂರ್ತಿ ಮರಳುವ ಭರವಸೆಯಿಲ್ಲದ್ದರಿಂದ ತಡ ಮಾಡುವಂತಿಲ್ಲ.

ಕ್ಯಾನ್ಸರ್ ಬೆನ್ನಿಗೆ ಹರಡಿ ಹುರಿಯನ್ನು ಒತ್ತಿದಾಗ, ಇನ್ನು ಆಪರೇಷನ್ ಯಾಕೆ, ವಿಕಿರಣ ಸಾಕು ಎಂಬುದೇ ಒಂದು ಕಾಲದ ಧೋರಣೆ. ಅಮೆರಿಕದ ರಾಯ್ ಪ್ಯಾಚೆಲ್ ಮತ್ತು ಸಂಗಡಿಗರು 101 ಮಂದಿಯ ಮೇಲೆ ನಡೆಸಿದ ಪ್ರಯೋಗದ ವರದಿ 2005ರಲ್ಲಿ ಬಂತು. ಆಪರೇಷನ್ ಜತೆ ವಿಕಿರಣ ಪಡೆದವರಲ್ಲಿ 84 ಶೇಕಡಾ ಮಂದಿ ಚಿಕಿತ್ಸೆಯ ನಂತರ ನಡೆಯಬಲ್ಲವರಾಗಿದ್ದರು, ವಿಕಿರಣ ಮಾತ್ರ ಪಡೆದವರಲ್ಲಿ 57 ಶೇಕಡಾ. ನಡೆಯುವ ಶಕ್ತಿ ಉಳಿದ ಅವಧಿಯಂತೂ ಒಂದು ಕಡೆ ಸುಮಾರು 122 ದಿನ, ಇನ್ನೊಂದು ಕಡೆ 13. ಅಂತರ ಅಷ್ಟು ಢಾಳಾಗಿದ್ದುದರಿಂದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಮದ್ರಾಸಿನ ಪಾಠ

ಬೆನ್ನಿನ ಆಪರೇಷನ್ ಯಾರಿಗೆ ಬೇಕು ಎಂಬ ಪ್ರಶ್ನೆಗೆ ನಮ್ಮ ದೇಶವೇ ಕೊಟ್ಟ ಉತ್ತರವೊಂದಿದೆ. ಡಿಸ್ಕ್ ಬಗ್ಗೆಯಲ್ಲ, ಕ್ಷಯದ ಬಗ್ಗೆ. ಬೆನ್ನುಮೂಳೆಯ ಕ್ಷಯ ಕಶೇರುಕವನ್ನು ಮುಂಭಾಗದಿಂದ ತಿಂದು ಕುಸಿಯುವಂತೆ ಮಾಡಿ ಗೂನು ತರುತ್ತದೆ, ಹುರಿ ಒತ್ತಿದರೆ ಕಾಲುಗಳು ಸೋಲುತ್ತವೆ. ಹದಿನೆಂಟನೆಯ ಶತಮಾನದಲ್ಲಿ ಇದನ್ನು ವಿವರಿಸಿದ ಲಂಡನ್ನಿನ ಪರ್ಸಿವಲ್ ಪಾಟ್ ಹೆಸರಿನಿಂದ ನಮ್ಮ ವಾರ್ಡುಗಳಲ್ಲಿ ಇಂದಿಗೂ ಪಾಟ್ಸ್ ಸ್ಪೈನ್ ಎಂದೇ ಕರೆಯುತ್ತಾರೆ.

ಕ್ಷಯಕ್ಕೆ ಔಷಧಗಳು ಬಂದ ಮೇಲೆ 1950ರ ದಶಕದಲ್ಲಿ ಹಾಂಗ್‌ಕಾಂಗಿನ ಹಾಜ್ಸನ್ ಮತ್ತು ಸ್ಟಾಕ್ ಧೈರ್ಯವಾಗಿ ಮುಂಭಾಗದಿಂದಲೇ ಹೋಗಿ ಕೊಳೆತ ಮೂಳೆಯನ್ನೆಲ್ಲ ತೆಗೆದು ಹೊಸ ಮೂಳೆ ಕೂರಿಸುವ ಆಪರೇಷನ್ ರೂಢಿಗೆ ತಂದರು. ಅದು ಎಲ್ಲರಿಗೂ ಬೇಕೇ? ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಕೊರಿಯಾ, ಹಾಂಗ್‌ಕಾಂಗ್, ಆಫ್ರಿಕಾದ ಬುಲವಾಯೊಗಳಲ್ಲಿ ಸಾಲು ಸಾಲು ಪ್ರಯೋಗ ನಡೆಸಿತು. ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿಸುವುದರಿಂದ, ಪ್ಲಾಸ್ಟರಿನ ಕವಚ ತೊಡಿಸುವುದರಿಂದ ಏನೂ ಪ್ರಯೋಜನವಿಲ್ಲ ಎಂದು ಕೊರಿಯಾದ ಪ್ರಯೋಗಗಳು ತೋರಿಸಿದವು. ವಾರಾಣಸಿಯಲ್ಲಿ ಎಸ್.ಎಂ. ತುಲಿ ಹಿಡಿದದ್ದು ಮಧ್ಯದ ದಾರಿ: ಎಲ್ಲರಿಗೂ ಮೊದಲು ಔಷಧ, ಸೋತವರಿಗೆ ಮಾತ್ರ ಕತ್ತರಿ. ಕಾಲು ಸೋತು ಬಂದವರಲ್ಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಔಷಧದಿಂದಲೇ ಎದ್ದು ನಡೆದದ್ದನ್ನು ಅವರು 1975ರಲ್ಲಿ ದಾಖಲಿಸಿದರು.

ಅದೇ ದಶಕದಲ್ಲಿ ಮದ್ರಾಸಿನಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕ್ಷಯ ಸಂಶೋಧನಾ ಕೇಂದ್ರದ ಆಶ್ರಯದಲ್ಲಿ 304 ರೋಗಿಗಳಿಗೆ ಚೀಟಿ ಎತ್ತಿದರು. ಮೊದಲ ಗುಂಪಿಗೆ ಹಾಂಗ್‌ಕಾಂಗ್ ಮಾದರಿಯ ದೊಡ್ಡ ಆಪರೇಷನ್ ಮತ್ತು ಆರು ತಿಂಗಳ ಔಷಧ. ಉಳಿದ ಎರಡು ಗುಂಪಿಗೆ ಆಪರೇಷನ್ ಇಲ್ಲದೆ ಓಡಾಡಿಕೊಂಡೇ ಆರು ತಿಂಗಳು, ಒಂಬತ್ತು ತಿಂಗಳು ಔಷಧ. ಹತ್ತು ವರ್ಷ ಬೆನ್ನುಹತ್ತಿ ನೋಡಿ 1999ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಸುಸ್ಥಿತಿಯಲ್ಲಿದ್ದವರು ಆಪರೇಷನ್ ಗುಂಪಿನಲ್ಲಿ 90 ಶೇಕಡಾ, ಆರು ತಿಂಗಳ ಔಷಧದವರಲ್ಲಿ 94, ಒಂಬತ್ತು ತಿಂಗಳಿನವರಲ್ಲಿ 99. ಬೆನ್ನಿನ ಸಂಶೋಧನೆಯ ಇತಿಹಾಸದಲ್ಲಿ ಇಷ್ಟು ನೇರವಾಗಿ ಮಾತನಾಡಿದ ಅಂಕಿಗಳು ಕಡಿಮೆ. ಗುಡಿಸಲಿನಿಂದ ಬಂದ ರೋಗಿ ಎದೆ ಸೀಳುವ ಆಪರೇಷನ್ ಇಲ್ಲದೆ, ಗುಳಿಗೆ ನುಂಗಿ, ಕೂಲಿಗೆ ಹೋಗಿಕೊಂಡೇ ಗುಣವಾಗಬಹುದು ಎಂದು ಅದು ಹೇಳಿತು.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ, ಮುಗಿಯದಿದ್ದದ್ದು ಹಿಂಬಾಲಿಸುವುದನ್ನು ಬಿಡದ ಕಾರಣಕ್ಕೆ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಎಸ್. ರಾಜಶೇಖರನ್ ಬೆನ್ನಿನ ಕ್ಷಯ ಬಂದಿದ್ದ ಮಕ್ಕಳನ್ನು ಹದಿನೈದು ವರ್ಷ ಕಾಲ ಗಮನಿಸಿದ ವಿವರಗಳನ್ನು 2001ರಲ್ಲಿ ಮುಂದಿಟ್ಟರು. ರೋಗ ವಾಸಿಯಾದ ಮೇಲೂ ಕೆಲವು ಮಕ್ಕಳ ಗೂನು ಬೆಳೆಯುತ್ತಲೇ ಹೋಗಿತ್ತು. ಕೆಲವರದು ತಾನಾಗಿ ನೆಟ್ಟಗಾಗಿತ್ತು. ವ್ಯತ್ಯಾಸ ಯಾವುದರಿಂದ? ಮೊದಲ ದಿನಗಳ ಎಕ್ಸ್‌ರೇಗಳನ್ನು ಮತ್ತೆ ತೆಗೆದು ನೋಡಿದಾಗ ನಾಲ್ಕು ಗುರುತುಗಳು ಸಿಕ್ಕವು: ಹಿಂಭಾಗದ ಕೀಲು ಬಿಟ್ಟುಕೊಂಡಿರುವುದು, ರೋಗ ಹಿಡಿದ ಮೂಳೆಯ ಚೂರು ಹಿಂದಕ್ಕೆ ಸರಿದಿರುವುದು, ಕಶೇರುಕ ಪಕ್ಕಕ್ಕೆ ಜರುಗಿರುವುದು, ಮೇಲಿನದು ಕೆಳಗಿನದರ ಮೇಲೆ ಮುಗ್ಗರಿಸಿ ವಾಲಿರುವುದು. ನಾಲ್ಕರಲ್ಲಿ ಎರಡಕ್ಕಿಂತ ಹೆಚ್ಚು ಕಂಡ ಮಗುವಿನ ಬೆನ್ನು ಮುಂದೆ ತೀವ್ರವಾಗಿ ಬಾಗುತ್ತದೆ. ಅಂಥ ಮಗುವಿಗೆ ಔಷಧದ ಜತೆಗೇ, ಗೂನು ಬೆಳೆಯುವ ಮೊದಲೇ, ಆಪರೇಷನ್ ಮಾಡಬೇಕು. ಉಳಿದ ಮಕ್ಕಳಿಗೆ ಬೇಕಿಲ್ಲ. ಇದನ್ನು ಹೇಳಲು ಎಂಆರ್‌ಐ ಕೂಡ ಬೇಡ, ತಾಲ್ಲೂಕು ಆಸ್ಪತ್ರೆಯ ಎಕ್ಸ್‌ರೇ ಸಾಕು.